ಮ್ಹಾಪಸಾ ಸಂಪರ್ಕ

ನಿಂಗಣ್ಣನ ಹೆಸರು ಆ ಸೋಮವಾರವೂ ಸಿಗಲಿಲ್ಲ.

ಕೌಂಟರಿನಲ್ಲಿದ್ದ ಶುಭಾ ಕಂಪ್ಯೂಟರ್ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಹುಲಿಗೆಮ್ಮ ಎರಡೂ ಕೈ ಎತ್ತಿ ಮುಗಿದು, ಬಂದಷ್ಟೇ ಬೇಗ ಮೆಟ್ಟಿಲಿಳಿದು ಹೋದಳು. ಅರ್ಧ ದಿನದ ಕೂಲಿ ಬಿಟ್ಟು ಕೊರ್ತಾಲಿಮ್‌ನಿಂದ ಪಣಜಿಯವರೆಗೆ ಬಸ್ಸಿನಲ್ಲಿ ಬಂದು, ಗಂಡನ ಹೆಸರು ಬಂದಿದೆಯೇ ಎಂದು ಕೇಳುವುದು. ವರ್ಷದ ಮೇಲಾಯಿತು, ಒಂದು ಸೋಮವಾರವೂ ತಪ್ಪಿಸಿರಲಿಲ್ಲ.

ಒಳಗಿನ ಮೇಜಿನಿಂದ ಪವಮಾನ ನೋಡಿ ಮೂಗು ಮುರಿದ. ಇಲ್ಲ ಎಂದರೂ ಕೈ ಮುಗಿಯುವ ಜನ. ಇವರಿಗೆ ಸಿಟ್ಟಾದರೂ ಬರಬಾರದೇ ಎಂದುಕೊಂಡ.

ಪವಮಾನ ಧಾರವಾಡದವನು. ಪಣಜಿಯ ಗುತ್ತಿಗೆದಾರರ ಸಂಘವೊಂದು ತನ್ನ ವೆಬ್‌ಪುಟದ ದುರಸ್ತಿಗೆ ಅವನನ್ನು ಒಂದು ತಿಂಗಳ ಮಟ್ಟಿಗೆ ಕರೆಸಿಕೊಂಡಿತ್ತು. ಕಟ್ಟಡದ ಕೆಲಸಕ್ಕೆ ಹೊಸದಾಗಿ ಸೇರಿದವರ ಹೆಸರು, ಊರು, ಫೋನ್ ನಂಬರು ಪ್ರತಿ ಸೋಮವಾರ ಸಂಘದ ಪಟ್ಟಿಗೆ ಸೇರುತ್ತಿದ್ದವು. ಗೋವಾದ ಮೂರು ಊರುಗಳಲ್ಲಿ ಸಂಘದ ಶಾಖೆಗಳು, ಪಟ್ಟಿ ಒಂದೇ ಕಡೆ ಇದ್ದರೆ ತಾನೆ? ಪಣಜಿಯದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ, ಮ್ಹಾಪಸಾದ್ದು ಪೋಸ್ಟ್‌ಗ್ರೆಸ್‌ನಲ್ಲಿ, ಕೊರ್ತಾಲಿಮ್‌ನದು ಮತ್ತೊಂದರಲ್ಲಿ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಪಣಜಿಯ ಆಫೀಸಿನಲ್ಲಿದ್ದ, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದೇ ಪುಟ ಈ ಮೂರನ್ನೂ ವಿಚಾರಿಸಿ ಉತ್ತರ ಕೊಡಬೇಕಿತ್ತು.

ಕೊಡುತ್ತಿರಲಿಲ್ಲ. ಕಾರಣ ಪವಮಾನನಿಗೆ ಅವತ್ತು ಮಧ್ಯಾಹ್ನ ಸಿಕ್ಕಿತು. ಹಿಂದೆ ಪುಟ ಬರೆದ ಸೋಮನಾಥನೆಂಬ ಪುಣ್ಯಾತ್ಮ, ಸಂಪರ್ಕದ ಸಾಲುಗಳ ಮುಂದೆಲ್ಲ @ ಚಿಹ್ನೆ ಇಟ್ಟು ಹೋಗಿದ್ದ. ಆ ಚಿಹ್ನೆ ಇದ್ದರೆ ಸಂಪರ್ಕ ಸಿಗದಿದ್ದರೂ ಪುಟ ತುಟಿ ಬಿಚ್ಚುವುದಿಲ್ಲ. ಮ್ಹಾಪಸಾದವರು ಎಂದೋ ಪಾಸ್‌ವರ್ಡ್ ಬದಲಿಸಿದ್ದರು. ಅಂದಿನಿಂದ ಪುಟ ಅಲ್ಲಿನ ಬಾಗಿಲು ತಟ್ಟಿ, ಯಾರೂ ತೆಗೆಯದಿದ್ದಾಗ ಸುಮ್ಮನೆ ಹಿಂತಿರುಗಿ, ಹೆಸರಿಲ್ಲ ಎಂದು ತೋರಿಸುತ್ತಿತ್ತು.

“ಹುಡುಕಿ ಇಲ್ಲ ಅನ್ನೂದು ಬ್ಯಾರೆ, ಹುಡುಕದನ ಇಲ್ಲ ಅನ್ನೂದು ಬ್ಯಾರೆ,” ಎಂದ ಪವಮಾನ. “ಇಂಥವ್ಗ ಪಗಾರ ಕೊಟ್ಟೀರಲ್ರಿ ನೀವು.”

ಶುಭಾ ತನ್ನ ಕೆಲಸಕ್ಕೆ ತಿರುಗಿದಳು. ಬೆಳಗಾವಿಯವಳು, ಆರು ವರ್ಷದಿಂದ ಆ ಕೌಂಟರಿನಲ್ಲಿ ಕೂತವಳು. ಇಂಥ ಮಾತು ಬಹಳ ಕೇಳಿದ್ದಳು.

ಎರಡು ದಿನ ಕೂತು ಅವನು ಆ ಸಾಲುಗಳನ್ನೆಲ್ಲ ಕಿತ್ತೊಗೆದು ಹೊಸದಾಗಿ ಬರೆದ. ಮೂರೂ ಡೇಟಾಬೇಸ್‌ಗಳು ಒಂದೇ ಮಾತಿಗೆ ಓಗೊಟ್ಟವು. ಕೆಲಸ ನಿಜಕ್ಕೂ ಚೊಕ್ಕವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಪರೀಕ್ಷೆಗೆ ಒಂದು ಹೆಸರು ಬೇಕಾಯಿತು. ಬಾಯಿಗೆ ಬಂದದ್ದು ನಿಂಗಣ್ಣನದೇ.

ಸಿಕ್ಕಿತು. ನಿಂಗಣ್ಣ, ತಂದೆ ಕಳಕಪ್ಪ, ರೋಣ ತಾಲೂಕು. ಮ್ಹಾಪಸಾದಲ್ಲಿ ಸೆಂಟ್ರಿಂಗ್ ಕೆಲಸ. ಹೆಸರು ಸೇರಿ ನಾಲ್ಕು ತಿಂಗಳಾಗಿತ್ತು.

ಪವಮಾನ ಆ ಕೂಡಲೇ ನಿಂಗಣ್ಣನ ಹೆಂಡತಿಗೆ ತಿಳಿಸಲು ಹೊರಟ. ತಿಳಿಸುವುದೆಲ್ಲಿಗೆ? ಹುಲಿಗೆಮ್ಮ ವಿಳಾಸ ಬರೆಸಿರಲಿಲ್ಲ. ಶುಭಾ ನಂಬರು ಕೇಳಿದಾಗ ಫೋನಿಲ್ಲ ಎಂದಿದ್ದಳಂತೆ. ಹಾಗೆ ಹೇಳುವಾಗಲೇ ಫೋನು ಅವಳ ಸೊಂಟದ ಚೀಲದಲ್ಲಿ ರಿಂಗಾಗಿತ್ತಂತೆ. ಸುಳ್ಳು ಹೇಳಲೂ ಬಾರದ ದಡ್ಡಿ ಎಂದು ಅವನು ನಕ್ಕ. ಹಾಗಾದರೆ ಗಂಡನಿಗೇ ಫೋನ್ ಮಾಡುವುದು ಎಂದು ತೀರ್ಮಾನಿಸಿದ.

ಶುಭಾ ತಡೆದಳು.

“ಸೋಮವಾರ ಆಕಿ ಬರ್ತಾಳಲ್ರಿ. ಮೊದಲ ಆಕಿಗೆ ಹೇಳೂಣು.”

“ಆಕಿಗೇನ್ ತಿಳೀತದ್ರಿ?” ಎಂದು ಪವಮಾನ ನಂಬರು ಒತ್ತಿದ.

ನಿಮ್ಮ ಹೆಂಡತಿ ಹುಲಿಗೆಮ್ಮ ವರ್ಷದಿಂದ ನಿಮ್ಮನ್ನು ಹುಡುಕುತ್ತಿದ್ದಾಳೆ ಎಂದಾಗ ಆ ಕಡೆಯವನು ಹೆಸರನ್ನು ಇನ್ನೊಮ್ಮೆ ಹೇಳಿಸಿದ. ಆಮೇಲೆ ಬಹಳ ವಿನಯದಿಂದ ವಿಚಾರಿಸಿದ. ಆಫೀಸು ಎಲ್ಲಿ, ಯಾವ ಮಹಡಿ, ಅವಳು ಎಷ್ಟು ಹೊತ್ತಿಗೆ ಬರುತ್ತಾಳೆ, ಒಬ್ಬಳೇ ಬರುತ್ತಾಳೋ ಜೊತೆಗೆ ಯಾರಾದರೂ ಇರುತ್ತಾರೋ. ಈ ಫೋನಿನ ವಿಷಯ ಅವಳಿಗೆ ಗೊತ್ತಾಗದಿದ್ದರೆ ಒಳ್ಳೆಯದು ಎಂದೂ ಕೇಳಿಕೊಂಡ. ಪವಮಾನನಿಗೆ ಅವನ ಆತುರ ಕಂಡು ಕನಿಕರವೂ ನಗುವೂ ಬಂದವು. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟ.

ಇಂಥ ಉಪಕಾರಿಗಳು ಊರಿಗೊಬ್ಬರಿರುತ್ತಾರೆ. ಇವರು ಉಪಕಾರ ಮಾಡುವ ಮುನ್ನ ಯಾರನ್ನೂ ಕೇಳುವುದಿಲ್ಲ. ಆದರೆ ಮಾಡಿದ ಮೇಲೆ ಕೈ ಮುಗಿಸಿಕೊಳ್ಳಲು ಮುಂದಿನ ಸಾಲಿನಲ್ಲೇ ನಿಂತಿರುತ್ತಾರೆ.

ಸೋಮವಾರ ಪವಮಾನ ಇಸ್ತ್ರಿ ಅಂಗಿ ಹಾಕಿಕೊಂಡು ತಾನೇ ಕೌಂಟರಿಗೆ ಬಂದು ಕೂತ. ಹತ್ತಕ್ಕೆ ಹುಲಿಗೆಮ್ಮ ಬಂದಳು. ಮುಂಗೈಗೆ ಸಿಮೆಂಟು ಹತ್ತಿತ್ತು.

“ನಿಂಗಣ್ಣ, ತಂದಿ ಕಳಕಪ್ಪ. ಹೆಸರ ಬಂದೈತೇನ್ರಿ?”

ಪವಮಾನ ಪರದೆಯನ್ನು ಅವಳತ್ತ ತಿರುಗಿಸಿದ. ಅವಳಿಗೆ ಓದಲು ಬಾರದೆಂಬುದು ನೆನಪಾಗಿ, ಬೆರಳಿಟ್ಟು ಹೆಸರು ತೋರಿಸುತ್ತ, ಪುಟದಲ್ಲಿದ್ದ ದೋಷವನ್ನೂ ತಾನು ಅದನ್ನು ಹಿಡಿದ ಬಗೆಯನ್ನೂ ವಿವರಿಸಿದ. ನಾಲ್ಕು ತಿಂಗಳಿಂದ ನಿನಗೆ ಸಿಕ್ಕಿದ್ದು ಸುಳ್ಳು ಉತ್ತರ ಎಂದ. ಕೊನೆಗೆ, ತಡೆಯಲಾರದೆ, ನಗುತ್ತ ಹೇಳಿದ:

“ಫೋನ್ ಮಾಡೇನಿ. ಇಲ್ಲಿಗೇ ಬರಾಕತ್ತಾನ.”

ಹುಲಿಗೆಮ್ಮ ಕೈ ಮುಗಿಯಲಿಲ್ಲ. ಪರದೆಯನ್ನೂ ನೋಡಲಿಲ್ಲ. ಬಾಗಿಲ ಕಡೆ ತಿರುಗಿದಳು. ಒಳಬರಲು, ಹೊರಹೋಗಲು ಇದ್ದದ್ದು ಅದೊಂದೇ ಬಾಗಿಲು. ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳುತ್ತಿತ್ತು. ಶುಭಾ ಪಕ್ಕದ ಕುರ್ಚಿಯಿಂದ ಎದ್ದಳು.

“ಎರಡ ವರ್ಷಾತ್ರಿ ಅವನ ಕೈಯಾಗಿಂದ ಜೀವ ಉಳಿಸ್ಕೊಂಡ ಓಡಿ ಬಂದು,” ಎಂದಳು ಹುಲಿಗೆಮ್ಮ. “ಅಂವಾ ಇನ್ನಾ ಗೋವಾಕ ಬಂದಿಲ್ಲಂತ ಕೇಳ್ಕೊಂಡ ಹೋಗಾಕ ಬರ್ತಿದ್ದೆ ಸಾಹೇಬ್ರ ನಾ.”