ಅತ್ತೆಯ ರಕ್ತಕಣ

“ನನ್ನ ರಕ್ತ ತಗೊಂಡು ಏನ್ ಮಾಡ್ತೀಯ, ಇವತ್ತು ನೋಡಿಯೇ ಹೋಗೋದು” ಎನ್ನುತ್ತ ಅತ್ತೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತುಬಿಟ್ಟರು. ಬೇಡವೆಂದರೆ ಕೇಳುವ ಜೀವವಲ್ಲ. ಸೊಸೆ ತನ್ನದೊಂದು ಬಿಳಿ ಕೋಟು ತೊಡಿಸಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ಅವಳಿಗೆ ಒಳಗೊಳಗೇ ಅಳುಕು. ರಕ್ತಕಣದೊಳಗೆ ನುಗ್ಗಲು ಮಲೇರಿಯಾ ರೋಗಾಣು ತನ್ನ ಮೈಮೇಲಿನ ಯಾವ ಪ್ರೋಟೀನನ್ನು ನೆಚ್ಚಿಕೊಂಡಿದೆ ಎಂದು ತಿಳಿದರೆ, ಅದನ್ನೇ ಗುರಿಯಾಗಿಸಿ ಲಸಿಕೆ ಮಾಡಬಹುದು. ಈವರೆಗೆ ಐದು ಪ್ರೋಟೀನುಗಳು ಕೈಕೊಟ್ಟಿದ್ದವು. ಒಂದನ್ನು ತಡೆದರೆ ರೋಗಾಣು ಇನ್ನೊಂದನ್ನು ಬಳಸಿ ನುಗ್ಗುತ್ತಿತ್ತು. ಇಂದು ಆರನೆಯದರ ಸರದಿ.

“ಮೊದಲು ಏನೂ ಬೆರೆಸದೇ ಇರೋದು ನೋಡಿ ಅತ್ತೆ. ದುಂಡಗಿರೋದೆಲ್ಲ ನಿಮ್ಮ ರಕ್ತಕಣ. ಆ ಚುಕ್ಕಿ ಇದೆಯಲ್ಲ, ಅದೇ ರೋಗಾಣು.”

ಚುಕ್ಕಿ ಕಣಕ್ಕೆ ತಾಗಿತು, ಹೊರಳಿತು, ಮೂತಿಯೂರಿತು, ಒಳಗೆ ಹೋಗಿಯೇಬಿಟ್ಟಿತು.

“ಇಷ್ಟು ಬೇಗನಾ?”

“ಅರ್ಧ ನಿಮಿಷ ಸಾಕು ಅದಕ್ಕೆ.”

ಅತ್ತೆ ತಲೆಯೆತ್ತಲಿಲ್ಲ. “ನನ್ನ ದೊಡ್ಡ ಮಗ ಹೋದದ್ದು ಇದರಿಂದಲೇ. ಮೂರು ವರ್ಷದ ಕೂಸು. ನನ್ನ ಕಣ್ತಪ್ಪಿನಿಂದಲೇ ಹೀಗಾಯ್ತು ಅಂತ ನಲವತ್ತು ವರ್ಷ ಬೆಂದೆ ಕಣೇ. ಈ ಕಳ್ಳ ನುಗ್ಗೋದು ಯಾವ ತಾಯಿ ಕಣ್ಣಿಗೆ ಬೀಳುತ್ತೆ?”

ಸೊಸೆ ಅವರ ಹೆಗಲ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಎರಡನೆಯ ಗಾಜಿನ ಪಟ್ಟಿ ಸರಿಸಿದಳು. ಇದರಲ್ಲಿ ಆರನೆಯ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯಗಳಿದ್ದವು. ಮುಂದೊಂದು ದಿನ ಲಸಿಕೆ ಪಡೆದವರ ಮೈ ತಾನಾಗಿ ತಯಾರಿಸಿಕೊಳ್ಳಬೇಕಾದಂಥವು.

“ತಾಗ್ತು” ಎಂದು ಅತ್ತೆ ವರದಿ ಒಪ್ಪಿಸತೊಡಗಿದರು. “ಹೊರಳ್ತಾ ಇದೆ. ಮೂತಿ ಇಡ್ತು… ಅಯ್ಯೋ… ಇಲ್ಲ ಕಣೇ, ಜಾರ್ತಾ ಇದೆ! ಬಿಟ್ಟೇಬಿಡ್ತು! ಹೋಗಪ್ಪ ಹೋಗು, ಬಂದ ದಾರಿಗೆ ಸುಂಕವಿಲ್ಲ!”

ಸೊಸೆ ಅವರನ್ನು ಸರಿಸಿ ತಾನೇ ಇಣುಕಿದಳು. ಒಂದಲ್ಲ, ಎರಡಲ್ಲ, ಕಣ್ಣು ಹಾಯ್ದಲ್ಲೆಲ್ಲ ಚುಕ್ಕಿಗಳು ಕಣಗಳ ಹೊರಗೇ ಪರದಾಡುತ್ತಿದ್ದವು. ಅವಳು ಕೂಗಿಕೊಂಡು ಅತ್ತೆಯನ್ನು ಅಪ್ಪಿಕೊಂಡ ಸದ್ದಿಗೆ ಪಕ್ಕದ ಕೋಣೆಯಿಂದ ಪ್ರಯೋಗಾಲಯದ ನಿರ್ದೇಶಕರೇ ಓಡಿಬಂದರು.

“ಹಾಗಾದ್ರೆ ಲಸಿಕೆ ಆಯ್ತಾ?” ಅತ್ತೆ ಕೇಳಿದರು.

“ಎಲ್ಲಿಂದ ಬಂತು ಅತ್ತೆ! ಪ್ರಾಣಿಗಳ ಮೇಲೆ, ಆಮೇಲೆ ಜನರ ಮೇಲೆ ಪರೀಕ್ಷೆ ಆಗಬೇಕು. ವರ್ಷಗಳೇ ಬೇಕು. ಆದ್ರೆ ಅದನ್ನ ಎಲ್ಲಿ ಹಿಡೀಬೇಕು ಅಂತ ಗೊತ್ತಾಯ್ತು.”

ಅಷ್ಟರಲ್ಲಿ ಅತ್ತೆ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ್ದರು. ನಿರ್ದೇಶಕರು ಹಿಂದೆ ನಿಂತು ಮೆಲ್ಲಗೆ ಕೆಮ್ಮಿದರು.

“ಅಮ್ಮಾ, ನನಗೂ ಒಂದ್ಸಲ ನೋಡೋಕೆ ಬಿಡ್ತೀರಾ?”

ಅತ್ತೆ ತಿರುಗಿಯೂ ನೋಡದೆ ಕೈಯೆತ್ತಿ ತಡೆದರು.

“ಸ್ವಲ್ಪ ತಾಳಿ. ಇನ್ನೊಂದು ಬರ್ತಾ ಇದೆ.”