ಊರಿಗೆಲ್ಲ ಒಂದೇ ಅಳತೆ

ಮಾಗಿಯ ಒಂದು ಮುಂಜಾನೆ ನೀಲವ್ವ ತನ್ನ ಮದುವೆಯ ಕುಪ್ಪಸ ಹಿಡಿದು, ಅದನ್ನು ಹೊಲಿದ ಶಂಕ್ರವ್ವನ ಮನೆಗೆ ಬಂದಳು. ಟಿವಿಯಲ್ಲಿ ಬರುವ ಚೆಲುವೆಯೊಬ್ಬಳ ಮೈಯಳತೆಯೇ ಊರ ಹೆಂಗಸರಿಗೆಲ್ಲ ಅಳತೆಯಾಗಿತ್ತು. ಮೊದಲು ಕುಪ್ಪಸ ಹೊಲಿಸಿ, ಆಮೇಲೆ ಅದು ಹಿಡಿಸುವಷ್ಟು ದವಾಖಾನೆಯಲ್ಲಿ ಮೈ ಕೊಯ್ಯಿಸಿಕೊಳ್ಳುವುದು ರೂಢಿ.

“ಅತ್ತಿ, ಎರಡು ಸಲ ಕೊಯ್ಸೀನಿ, ಇನ್ನೂ ಹುಕ್ಕ ಕೂಡವಲ್ದು. ಮೂರನೇ ಸಲಕ್ಕ ಜೀವದ ಖಾತ್ರಿ ಇಲ್ಲಂತಾರ ಡಾಕ್ಟರು.”

ಶಂಕ್ರವ್ವ ಬಗಲ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನು ಎರಡು ಬೆರಳಷ್ಟು ಬಿಟ್ಟು ಹೊಲಿದಳು. ತೊಟ್ಟರೆ ಸರಿಯಾಗಿ ಹಿಡಿಸಿತು. ಆಮೇಲೆ ಹಳೆಯ ಹೊಲಿಗೆಯ ತೂತುಗಳು ನೀಲವ್ವನ ಕಣ್ಣಿಗೆ ಬಿದ್ದವು.

“ಬಿಚ್ಚಿದ್ದು ಬೀಗರಿಗೆ ಕಾಣತೈತಿ. ಮೊದಲಿನಂಗ ಹೊಲಿ.”

“ಹುಚ್ಚಿ, ಉಸರಾಡಾಕ ಬರತೈತಲ್ಲ, ಸಾಲದೇನ?”

“ಹೊಲಿ ಅತ್ತಿ, ಕೈ ಮುಗೀತೀನಿ.”

ಶಂಕ್ರವ್ವ ಹೊಲಿದುಕೊಟ್ಟಳು. ಸೋಮವಾರ ನೀಲವ್ವ ಮೂರನೇ ಸಲ ಕೊಯ್ಯಿಸಿಕೊಳ್ಳಲು ಹೋದಳು. ಬುಧವಾರ ಜೀವವೂ ಹೋಯಿತು.