ಶಂಕ್ರೆಪ್ಪನ ಐತವಾರ

"ಇವತ್ತ ಕೆಲಸಿಲ್ಲ, ಮನಿಗಿ ಹೋಗು," ಎಂದ ಬಸಯ್ಯ ಮೇಸ್ತ್ರಿ. ಸಲಿಕೆ ಹೆಗಲಿಗೇರಿಸಿ ಕಾಲುವೆಯ ದಂಡೆಗೆ ಬಂದಿದ್ದ ಶಂಕ್ರೆಪ್ಪ ಅದನ್ನು ಕೆಳಗಿಳಿಸಿದ. ಸರಕಾರಿ ಗ್ಯಾಂಗಿಗೆ ಸೇರಿ ಇನ್ನೂ ವಾರ ತುಂಬಿರಲಿಲ್ಲ.

"ನನ್ನಿಂದ ಏನ್ ತಪ್ಪಾತ್ರಿ ಯಪ್ಪಾ?"

"ತಪ್ಪೇನಿಲ್ಲೋ ತಮ್ಮಾ. ಇವತ್ತ ಐತವಾರ. ಸರಕಾರದ ಸೂಟಿ."

"ಮತ್ತ ಇವತ್ತಿನ ಪಗಾರ?"

"ತಿಂಗಳ ಪಗಾರದಾಗ ಐತವಾರನೂ ಸೇರಿರತೈತಿ. ಹೋಗು, ಆರಾಮ ಮಕ್ಕೋ."

ಶಂಕ್ರೆಪ್ಪ ಅಲ್ಲೇ ನಿಂತ. ಮೀಸೆ ಮೂಡುವ ಮೊದಲೇ ದುಂಡಪ್ಪ ಸಾಹುಕಾರರ ಮನೆಗೆ ಜೀತಕ್ಕೆ ಬಿದ್ದವನು ಅವನು. ಮೊನ್ನೆ ಮೊನ್ನೆ ಸರಕಾರ ಜೀತವನ್ನೇ ಕಿತ್ತುಹಾಕಿತ್ತು. ಅಧಿಕಾರಿಗಳು ಅವನ ಊರು ಮುನವಳ್ಳಿಗೆ ಬಂದು ಅವನನ್ನು ಬಿಡಿಸಿ, ಕಾಲುವೆ ದುರಸ್ತಿಯ ಕೆಲಸಕ್ಕೆ ಹಚ್ಚಿದ್ದರು. ದುಡಿದರೆ ಕೂಲಿ ಸಿಗುತ್ತದೆ ಎಂಬುದೇ ಅವನಿಗೆ ಈಗೀಗ ತಿಳಿಯುತ್ತಿತ್ತು. ಕೂತು ಕಳೆದ ದಿನಕ್ಕೂ ಕೂಲಿ ಎಂದರೆ, ಅದು ಯಾವ ದೇವರ ನ್ಯಾಯವೋ ಬಗೆಹರಿಯಲಿಲ್ಲ. ಮೇಸ್ತ್ರಿ ಹಿಂದಿನಿಂದ ಕೂಗಿ ಕರೆದಾನೆಂದು ದಾರಿಯುದ್ದಕ್ಕೂ ಹೊರಳಿ ಹೊರಳಿ ನೋಡಿದ. ಯಾರೂ ಕರೆಯಲಿಲ್ಲ.

ಬಾಗಿಲಲ್ಲಿ ಅವನನ್ನು ಕಂಡು, ಜೋಳ ಹಸನು ಮಾಡುತ್ತಿದ್ದ ಹೆಂಡತಿ ರಾಯವ್ವನ ಕೈಯಲ್ಲಿನ ಮೊರ ಹಾಗೇ ನಿಂತಿತು.

"ಕೆಲಸ ಹೋತೇನು?"

"ಇಲ್ಲ. ಸೂಟಿ ಅಂತ."

"ಯಾರ ಸತ್ತಾರ?"

"ಯಾರೂ ಸತ್ತಿಲ್ಲ. ಸುಮ್ಮನ ಸೂಟಿ. ವಾರಕ್ಕೊಮ್ಮಿ ಕೊಡತಾರಂತ."

ರಾಯವ್ವ ನಂಬಲೂ ಇಲ್ಲ, ಬಿಡಲೂ ಇಲ್ಲ. ಶಂಕ್ರೆಪ್ಪನಿಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದು. ಕಟ್ಟಿಗೆ ಒಟ್ಟಿದ. ಅಂಗಳಕ್ಕೆ ಹೋದ, ಒಳಗೆ ಬಂದ. ಕಡೆಗೆ ಗೋಡೆಗೆ ಒರಗಿ ಕೂತ. ಹೊತ್ತು ನೆತ್ತಿಗೆ ಬಂದಾಗ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು ಬೀಸುವ ಕಲ್ಲಿನ ಮೇಲೆ ನಿಂತಿತು. ಅದರೊಳಗೆ ಹಿಟ್ಟಿನ ಧೂಳು ಹೊಳೆಯುತ್ತ ತಿರುಗುತ್ತಿತ್ತು. ನಸುಕಿನಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದವನು ತನ್ನ ಮನೆಯ ಮಧ್ಯಾಹ್ನವನ್ನು ಎಂದೂ ಕಂಡಿರಲಿಲ್ಲ.

"ಇದು ದಿನಾ ಬರತೈತೇನು?" ಮೆಲ್ಲಗೆ ಕೇಳಿದ.

"ದಿನಾ ಬರತೈತಿ. ನೋಡಾಕ ನೀ ಎಲ್ಲಿದ್ದಿ?"

ಅವನು ಅಂಗೈಯನ್ನು ಆ ಬೆಳಕಿಗೆ ಹಿಡಿದು ಬಹಳ ಹೊತ್ತು ಕೂತ. ಆಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದ:

"ಸಾಹುಕಾರ್ರ ಮನ್ಯಾಗ ಸೋಮವಾರ ಎತ್ತಿಗೆ ನೊಗ ಹೂಡತಿರಲಿಲ್ಲ. ಬಸವಣ್ಣನ ವಾರ ಅಂತ. ಅವತ್ತ ನಾ ಎತ್ತಗಳನ್ನ ಹಳ್ಳಕ್ಕ ಹೊಡಕೊಂಡ ಹೋಗಿ ಮೈ ತಿಕ್ಕತಿದ್ನಿ. ಎಷ್ಟ ಪುಣ್ಯಾ ಮಾಡ್ಯಾವಪ್ಪಾ ಇವು, ಅಂತಿದ್ನಿ."

ರಾಯವ್ವ ಮೊರ ಕೆಳಗಿಟ್ಟು ಎದ್ದಳು. ಒಲೆ ಹೊತ್ತಿಸಿ, ದೊಡ್ಡ ಗಡಿಗೆಯ ತುಂಬ ನೀರು ತುಂಬಿ ಮೇಲಿಟ್ಟಳು.

"ಅಂಗಿ ಕಳಿ," ಎಂದಳು. "ಇವತ್ತ ನಿನ್ನ ಮೈ ನಾ ತಿಕ್ಕತೇನಿ."